ದೊಡ್ಡಮ್ಮ ಕಾಲೇಜಿಗೆ ಬಂದ ದಿನ

ಗಾಡಿಯ ಹಿಂಬಾಗಿಲು ಅರ್ಧ ತೆರೆದಿತ್ತು. ಸೋದರಮಾವ ಅದಕ್ಕೆ ಅಂಗೈ ಒಡ್ಡಿ ತಡೆದ.

"ಈಗ್ಲೂ ಕಾಲ ಮಿಂಚಿಲ್ಲ. ನೀನು ಹೂಂ ಅನ್ನು, ಗಾಡಿ ತಿರುಗಿಸಿ ಮಣ್ಣು ಮಾಡಿ ಬರೋಣ."

ಮಗಳು ಕೈಯಲ್ಲಿದ್ದ ಕಾಲೇಜಿನ ಒಪ್ಪಿಗೆ ಕಾಗದವನ್ನು ನೋಡಿದಳು. ಒಳಗೆ ಸ್ಟ್ರೆಚರಿನ ಮೇಲೆ ಅವಳ ತಾಯಿ ಮಲಗಿದ್ದಳು. ಇದೇ ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತೊಂದು ವರ್ಷ, ಹೋದ ತಿಂಗಳವರೆಗೂ, ಹುಡುಗರು ಕೊಯ್ದು ಕಲಿಯುವ ಹೆಣಗಳನ್ನು ಮೇಜಿಗೇರಿಸಿ, ಒದ್ದೆ ಬಟ್ಟೆ ಹೊದಿಸಿ, ಸಂಜೆ ನೆಲ ತೊಳೆದು ಮನೆಗೆ ಬರುತ್ತಿದ್ದ ಆಯಾ. ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಅವಳು ದೊಡ್ಡಮ್ಮ. ವಿಭಾಗಕ್ಕೆ ಮುಖ್ಯಸ್ಥರು ಎಷ್ಟೇ ಬದಲಾಗಲಿ, ನಿಜವಾದ ಮುಖ್ಯಸ್ಥೆ ಇವಳೇ ಎಂದು ಹುಡುಗರು ಚೇಷ್ಟೆ ಮಾಡುತ್ತಿದ್ದರು. ಸತ್ತ ಮೇಲೆ ತನ್ನ ದೇಹವೂ ಆ ಮೇಜಿಗೇ ಹೋಗಲಿ ಎಂದು ಅವಳು ಬರೆದುಕೊಟ್ಟಿದ್ದಳು. ಆದರೆ ಮಗಳು ರುಜು ಹಾಕದೆ ಕಾಲೇಜು ಅದನ್ನು ತೆಗೆದುಕೊಳ್ಳುವಂತಿರಲಿಲ್ಲ.

"ಅಮ್ಮನ ಆಸೆ ಅದು, ಮಾವ."

"ಅವಳೇನೋ ಆಸೆಪಟ್ಟು ಹೋದಳು. ನಾಳೆ ಹುಡುಗರು ಸುತ್ತ ನಿಂತು ಹಲ್ಲು ಕಿರಿದರೆ ಹೊಟ್ಟೆ ಉರಿಯೋದು ನಮಗೆ ತಾನೆ?"

ಮಗಳ ಅಳುಕೂ ಅದೇ. ಕೊಯ್ಯುವುದಕ್ಕೆ ಅವಳು ಹೆದರಲಿಲ್ಲ. ಹೊಲಿಗೆ ಅವಳ ಕಸುಬು, ಕತ್ತರಿ ಆಡಿಸಿಯೇ ಹೊಟ್ಟೆ ಹೊರೆದವಳು. ಕತ್ತರಿಸುವುದರಲ್ಲಿ ಅವಮಾನವಿಲ್ಲವೆಂದು ಬಲ್ಲಳು. ಅಮ್ಮನನ್ನು ನೋಡಿ ಯಾರಾದರೂ ನಗುವುದನ್ನು ಮಾತ್ರ ಅವಳು ತಡೆದುಕೊಳ್ಳಲಾರಳು.

ಬಿಳಿ ಕೋಟಿನ ಪ್ರಾಧ್ಯಾಪಕ ಮೆಟ್ಟಿಲಿಳಿದು ಬಂದ.

"ಅವಸರ ಇಲ್ಲಮ್ಮ. ಒಳಗೆ ಬಂದು ನೋಡಿ. ಮನಸ್ಸು ಒಪ್ಪದಿದ್ರೆ ನಿಮ್ಮ ಜೊತೆ ನಾನೂ ಬಂದು ಮಣ್ಣು ಹಾಕ್ತೀನಿ. ನನ್ನನ್ನ ಮನುಷ್ಯನ್ನ ಮಾಡಿದವರು ಅವರು."

ಸ್ಟ್ರೆಚರಿನ ಹಿಂದೆ ನಡೆಯುತ್ತ, ಉದ್ದನೆಯ ಕಾರಿಡಾರಿನಲ್ಲಿ ಅವನು ಆ ಕತೆ ಹೇಳಿದ.

*

ಅವನಿಗಾಗ ಹದಿನೆಂಟು, ಕೊಬ್ಬಿನ ವಯಸ್ಸು. ಎರಡೇ ತಿಂಗಳಲ್ಲಿ ಹೆಣದ ಭಯ ಹೋಗಿ ಸಲಿಗೆ ಬಂದಿತ್ತು. ಒಂದು ದಿನ ಪುಸ್ತಕ ಬಿಚ್ಚಿ, ಮೇಜಿನ ಮೇಲಿದ್ದ ಮುದುಕನ ಎದೆಯ ಮೇಲೆ ಇಟ್ಟು ಕೆಲಸ ಶುರುಮಾಡಿದ. ದೊಡ್ಡಮ್ಮ ಬಂದು ಪುಸ್ತಕ ಎತ್ತಿಕೊಂಡಳು.

"ಅಲ್ಲೇ ಇಡು ದೊಡ್ಡಮ್ಮ, ಚಿತ್ರ ಕಾಣಬೇಕು ನಂಗೆ."

"ಕಾಣುತ್ತೆ, ಓದಪ್ಪ," ಎಂದು ಅವಳು ಪುಸ್ತಕವನ್ನು ಎರಡು ಅಂಗೈ ಮೇಲೆ ಹಿಡಿದು ಅವನೆದುರು ನಿಂತಳು.

ಗೆಳೆಯರು ಕಿಸಿಕಿಸಿ ನಕ್ಕರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಅವಳ ಬೆರಳು ನಡುಗುತ್ತಿದ್ದವು. ಗೆಳೆಯರ ನಗು ಯಾವಾಗ ನಿಂತಿತೋ ಅವನಿಗೆ ನೆನಪಿಲ್ಲ. "ಸಾಕು ದೊಡ್ಡಮ್ಮ, ಕೊಟ್ಬಿಡಿ," ಎಂದಾಗ ಅವನ ಕಣ್ಣು ತುಂಬಿತ್ತು.

"ಕೈ ನೋಯುತ್ತೆ ಅನ್ನೋಕೆ ನನಗೆ ಬಾಯಿದೆ," ಎಂದಳು ಅವಳು. "ಈ ಯಜಮಾನರಿಗೆ ಇಲ್ವಲ್ಲಪ್ಪ."

*

"ಮನೇಲಿ ಇದನ್ನ ಹೇಳೇ ಇಲ್ಲ ಅಮ್ಮ," ಎಂದಳು ಮಗಳು. "ಆದ್ರೆ ಸಾರ್, ನೀವು ಆ ಕಾಲದವರು. ಈಗಿನವರು?"

ಅವನು ಹೆಣ ಕೊಯ್ಯುವ ಕೋಣೆಯ ಬಾಗಿಲು ತಳ್ಳಿದ. ಒಳಗೆ ಔಷಧದ ಘಾಟು ಕಣ್ಣಿಗೆ ಹೊಡೆಯುತ್ತಿತ್ತು. ವಿದ್ಯಾರ್ಥಿಗಳು ಎರಡು ಸಾಲಾಗಿ ನಿಂತಿದ್ದರು. ದೊಡ್ಡಮ್ಮನನ್ನು ಉಕ್ಕಿನ ಮೇಜಿಗೆ ಇಳಿಸುತ್ತಿದ್ದಂತೆ ಸಾಲಿನ ಕೊನೆಯಿಂದ ಒಂದು ನಗು ಕೇಳಿಸಿತು. ಒಂದೇ ಸಲ, ಕಿಸಕ್ಕನೆ.

ಮಾವ ಮಗಳ ತೋಳು ಹಿಡಿದ. "ಕೇಳಿಸ್ತಾ? ನಡಿ."

ಪ್ರಾಧ್ಯಾಪಕ ತಲೆ ತಗ್ಗಿಸಿದ. ಮಗಳಿಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿದಳು.

ನಕ್ಕ ಹುಡುಗಿ ತಾನೇ ಮುಂದೆ ಬಂದಳು. ಅವಳ ಮುಖ ಕಣ್ಣೀರಿನಿಂದ ತೊಯ್ದಿತ್ತು.

"ನಾನೇ ಅಕ್ಕ ನಕ್ಕಿದ್ದು. ದುಃಖ ಜಾಸ್ತಿ ಆದ್ರೆ ನನಗೆ ನಗು ನುಗ್ಗಿ ಬರುತ್ತೆ, ಏನು ಮಾಡಿದ್ರೂ ನಿಲ್ಲಲ್ಲ. ದೊಡ್ಡಮ್ಮನಿಗೆ ಗೊತ್ತಿತ್ತು. ಮೊದಲನೇ ದಿನ ಎಲ್ರೂ ಬೈದಾಗ ಹೊರಗೆ ಕರ್ಕೊಂಡು ಹೋಗಿ, 'ನಕ್ಕು ಮುಗಿಸಿ ಬಾ ಮಗ' ಅಂತ ಬಾಗಿಲಲ್ಲಿ ಕಾವಲು ನಿಂತಿದ್ರು."

ನಂಬುವುದೋ ಬಿಡುವುದೋ ಮಗಳಿಗೆ ತೋಚಲಿಲ್ಲ. ಹುಡುಗಿ ಮೇಜಿನ ಕಡೆ ನೋಡಿದಳು.

"ಗಾಡಿಯಲ್ಲಿ ಕೂದಲು ಕೆದರಿದೆ. ಬಾಚಲಾ ಅಕ್ಕ?"

ಮಗಳು ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು.

ಹುಡುಗಿ ತನ್ನ ಬ್ಯಾಗಿನಿಂದ ಬಾಚಣಿಗೆ ತೆಗೆದು, ಬಿಳಿ ಕೂದಲನ್ನು ತುದಿಯಿಂದ ಬಾಚತೊಡಗಿದಳು. ಕಿವಿಯ ಹಿಂದೆ ಕೂದಲು ಸಿಕ್ಕುಗಟ್ಟಿತ್ತು, ಬಾಚಣಿಗೆ ಅಲ್ಲಿ ನಿಂತಿತು. ಹುಡುಗಿ ಎಳೆಯಲಿಲ್ಲ. ನೋಯಬಾರದೆಂದು ಎಡಗೈಯಲ್ಲಿ ಕೂದಲಿನ ಬುಡ ಗಟ್ಟಿಯಾಗಿ ಹಿಡಿದುಕೊಂಡು, ಬಲಗೈಯಿಂದ ಒಂದೊಂದೇ ಎಳೆ ಬಿಡಿಸಿದಳು.

ಮಾವ ತೋಳು ಬಿಟ್ಟ. ಮಗಳು ಕಾಗದದ ಮಡಿಕೆ ಬಿಡಿಸಿ ಗೋಡೆಗೆ ಒತ್ತಿ ಹಿಡಿದು, ಆ ಎಡಗೈಯನ್ನೇ ನೋಡುತ್ತ ರುಜು ಹಾಕಿದಳು. ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿದ್ದವು.