ಹೆಸರು ಕರೆದ ಮೇಲೆ

ರಘೋತ್ತಮ ತನ್ನನ್ನು ಮದುವೆಯಾಗುತ್ತೀಯಾ ಎಂದು ಊರ್ಮಿಳೆಯನ್ನು ಕೇಳಿದ್ದು ಅವಳ ಅಪ್ಪನ ದನಿಯಲ್ಲಿ. ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರಾಗಿದ್ದ ಶೇಷಾದ್ರಿಯವರು ಏನು ಹೇಳಬೇಕಾದರೂ ಮೊದಲು ಗಂಟಲು ಸರಿಮಾಡಿಕೊಂಡು, "ವಿಷಯ ಏನಪ್ಪಾ ಅಂದ್ರೆ" ಅನ್ನುತ್ತಿದ್ದರು. ಇವನೂ ಹಾಗೇ ಕೆಮ್ಮಿ, ಹಾಗೇ ಅಂದು, ವಿಷಯಕ್ಕೆ ಬಂದಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆ ನಗುವಿನಲ್ಲೇ ಹೂಂ ಅಂದುಬಿಟ್ಟಿದ್ದಳು.

ಆಮೇಲೆ ಅಮೆರಿಕದ ಕ್ಯುಪರ್ಟಿನೋದಲ್ಲಿ ಹೂಡಿದ ಸಂಸಾರವೂ ಅದೇ ಧಾಟಿಯಲ್ಲಿ ನಡೆಯಿತು. ಜಗಳವಾದರೆ ಕ್ಷಮೆ ಕೇಳುವುದು ಅವಳ ಸೋದರತ್ತೆಯ ದನಿಯಲ್ಲಿ. ಮಗಳು ಭಾವನಾ ಹುಟ್ಟಿದ ಸುದ್ದಿ ಊರಿಗೆ ತಲುಪಿದ್ದು ರೇಡಿಯೋ ವಾರ್ತೆ ಓದುವವರ ದನಿಯಲ್ಲಿ. ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಬಾಸು ರಜೆ ಹಾಕಿದರೆ, ಆ ದಿನದ ಮೀಟಿಂಗಿಗೆ ಬಾಸನ್ನು ಪೂರೈಸುವುದು ರಘೋತ್ತಮನ ಕೆಲಸ. ಕನ್ನಡದವರ ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದರೆ ಪ್ರಸಾದದಷ್ಟೇ ಇವನಿಗೂ ಕ್ಯೂ. ಮಾವ ತೀರಿಕೊಂಡಾಗ ಹದಿಮೂರನೇ ದಿನ ಊಟವಾದ ಮೇಲೆ ನೆಂಟರೆಲ್ಲ ಸೇರಿ, ಒಂದೇ ಒಂದು ಸಲ ಅವರ ಹಾಗೆ ಮಾತಾಡಪ್ಪಾ ಎಂದು ಕೇಳಿದ್ದರು. ಮಾತಾಡಿದ. ಎಲ್ಲರೂ ಅತ್ತು ನಕ್ಕರು. ಊರ್ಮಿಳಾ ಮಾತ್ರ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಂಥವನು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ಬಾರಿಸುವ ಸ್ಟೀಲ್ ಗಿಟಾರಿಗೆ ಮರುಳಾದದ್ದರಲ್ಲಿ ಆಶ್ಚರ್ಯವಿಲ್ಲ. ನೋಡಲು ಇಸ್ತ್ರಿ ಮೇಜಿನ ಹಾಗಿರುವ ಈ ವಾದ್ಯದ ಮುಂದೆ ಕೂತು, ಎಡಗೈಲಿ ಉಕ್ಕಿನ ಸಲಾಕೆಯನ್ನು ತಂತಿಗಳ ಮೇಲೆ ಜಾರಿಸುತ್ತ, ಬಲಗೈಲಿ ಮೀಟುತ್ತ, ಕಾಲಲ್ಲಿ ಪೆಡಲು ಒತ್ತಬೇಕು. ಹೊಲಿಗೆ ಮಿಷನ್ನೂ ವೀಣೆಯೂ ಓಡಿಹೋಗಿ ಮದುವೆಯಾಗಿ ಹೆತ್ತ ಕೂಸು ಎಂದು ಅವನು ಹೇಳುತ್ತಿದ್ದ. ಸ್ವರ ನಿಲ್ಲುವುದಿಲ್ಲ, ಜಾರುತ್ತದೆ. ಮನುಷ್ಯರ ಹಾಗೆ ಬಿಕ್ಕುತ್ತದೆ, ನಿಟ್ಟುಸಿರು ಬಿಡುತ್ತದೆ, ಗೊಣಗುತ್ತದೆ. ಕಂಟ್ರಿ ಸಂಗೀತ ಅಂದರೆ ನಾಡಗೀತೆ ಕಣ್ರೀ, ಎದ್ದು ನಿಂತುಕೊಳ್ಳಿ ಎಂದು ಕನ್ನಡ ಕೂಟದವರನ್ನು ಗೋಳುಹೊಯ್ದುಕೊಳ್ಳುತ್ತಿದ್ದ. ಸ್ಟೀಲ್ ಅಂದರೇನೇ ಕದಿಯೋದು ಅಂತ ಇನ್ನೊಂದು. ಅದೊಂದನ್ನು ತಮಾಷೆಗೆ ಹೇಳಿದ್ದಾದರೂ ಅದರಲ್ಲಿ ತಮಾಷೆ ಕಮ್ಮಿ ಇತ್ತು.

ಅವನು ಕದ್ದದ್ದು ಆರ್ವಿಲ್‌ನನ್ನು. ಲಿವರ್‌ಮೋರ್ ಕಡೆಯ ಕಂಟ್ರಿ ಹಾಡುಗಾರ್ತಿ ಡಾರ್ಲೀನ್ ಟಟಲ್ ನಲವತ್ತು ವರ್ಷದ ಹಿಂದೆ ಒಂದೇ ಒಂದು ಹಾಡಿನಿಂದ ಹೆಸರು ಮಾಡಿದ್ದಳು. ಗಂಡನ ಮನೆ ಬಿಟ್ಟು ಹೊರಟ ಹೆಂಗಸು ಬೀಗದ ಕೈಯನ್ನು ಫ್ರಿಜ್ಜಿನ ಮೇಲಿಟ್ಟು ಹೋಗುವ ಹಾಡು. ನಡುವೆ ನಾಲ್ಕು ಸಾಲಿನಷ್ಟು ಜಾಗದಲ್ಲಿ ಹಾಡು ನಿಲ್ಲುತ್ತದೆ. ಅವಳು ಹಿಂದೆ ತಿರುಗಿ "ಅಳು, ಆರ್ವಿಲ್" ಅನ್ನುತ್ತಾಳೆ. ಆರ್ವಿಲ್‌ನ ಸ್ಟೀಲ್ ಗಿಟಾರ್ ಅಳುತ್ತದೆ. ಕಂಟ್ರಿಯವರಲ್ಲಿ ಇದೊಂದು ಪದ್ಧತಿ. ಮೂಲೆಯಲ್ಲಿ ಕೂತು ಬಾರಿಸುವವನಿಗೆ ಸಿಗುವ ಮರ್ಯಾದೆಯೆಲ್ಲ ಆ ಒಂದು ಕರೆಯಲ್ಲೇ ಸಿಗಬೇಕು. ಹೆಸರು ಕರೆದರೆ ಟೀವಿಯ ಕ್ಯಾಮೆರಾ ಅವನ ಕಡೆ ತಿರುಗುತ್ತದೆ. ಆಮೇಲೆ ಮತ್ತೆ ಕತ್ತಲೆ.

ಎರಡು ವರ್ಷದ ಹಿಂದೆ ಆರ್ವಿಲ್‌ನ ಕೈ ನಡುಗಲು ಶುರುವಾಯಿತು. ಡಾರ್ಲೀನ್ ಹುಡುಕಿಕೊಂಡು ಹೊರಟಾಗ ಸಿಕ್ಕವನು ರಘೋತ್ತಮ. ಆರ್ವಿಲ್‌ನ ರೆಕಾರ್ಡುಗಳನ್ನೆಲ್ಲ ಅರೆದು ಕುಡಿದಿದ್ದ. ಕಣ್ಣು ಮುಚ್ಚಿ ಕೇಳಿದರೆ ಆರ್ವಿಲ್‌ನೇ. ಬಾರುಗಳಲ್ಲಿ, ಸಂತೆ ಮೈದಾನಗಳಲ್ಲಿ ಡಾರ್ಲೀನ್ ಅಭ್ಯಾಸಬಲದಿಂದ "ಅಳು, ಆರ್ವಿಲ್" ಅನ್ನುತ್ತಿದ್ದಳು, ಜನರೂ ಜೊತೆಗೆ ಕೂಗುತ್ತಿದ್ದರು, ಮೈಸೂರಿನ ರಘೋತ್ತಮ ಆರ್ವಿಲ್ ಆಗಿ ಅಳುತ್ತಿದ್ದ. ಅವನಿಗೇನೂ ಬೇಜಾರಿರಲಿಲ್ಲ.

ಬೇಜಾರು ಶುರುವಾದದ್ದು ಮನೆಯಲ್ಲಿ. ಭಾವನಾ ಕಾಲೇಜಿಗೆ ಹೊರಟುಹೋದ ಮೇಲೆ ಒಂದು ದಿನ ಊರ್ಮಿಳಾ, ಸ್ಯಾಕ್ರಮೆಂಟೋದ ಆಸ್ಪತ್ರೆಯೊಂದು ಕರೆಯುತ್ತಿದೆ, ನಾನೊಬ್ಬಳೇ ಹೋಗಿ ಅಲ್ಲೇ ಮನೆ ಮಾಡಿಕೊಂಡಿರೋಣ ಅಂತಿದ್ದೇನೆ ಎಂದಳು. ಅವಳು ಅರಿವಳಿಕೆ ಡಾಕ್ಟರು. ನೋವಾಗದ ಹಾಗೆ ಹೇಳುವುದು ಅವಳಿಗೆ ಗೊತ್ತು. ಇವನು ಗಂಟಲು ಸರಿಮಾಡಿಕೊಂಡು, "ವಿಷಯ ಏನಮ್ಮಾ ಅಂದ್ರೆ" ಎಂದು ಮಾವನನ್ನು ಕರೆಸಿದ. ಅವಳು ನಗಲಿಲ್ಲ.

"ರೀ, ಈ ಮನೇಲಿ ನಾನು ಯಾರ ಜೊತೆ ಇದ್ದೀನಿ?" ಎಂದು ಕೇಳಿದಳು. "ಅಪ್ಪ ಇದ್ದಾರೆ, ಅತ್ತೆ ಇದ್ದಾರೆ, ನಿಮ್ಮ ಬಾಸ್ ಇದ್ದಾರೆ. ನೀವು ಯಾವಾಗ ಬರ್ತೀರಿ?"

ಅವಳು ಆಸ್ಪತ್ರೆಗೆ ಹೋದಾಗಲೆಲ್ಲ ಅವನು ಗ್ಯಾರೇಜಿನಲ್ಲಿ ಸ್ಟೀಲ್ ಗಿಟಾರ್ ಮುಂದೆ ಕೂತ. ಆರ್ವಿಲ್ ಬಂದ, ಓಡಿಸಿದ. ಬೇರೆ ಯಾರೋ ಬಂದರು, ಅವರನ್ನೂ ಓಡಿಸಿದ. ಯಾರೂ ಬರದೆ ಬೆರಳು ಸುಮ್ಮನಾದಾಗ ಏನೋ ಒಂದು ಬಂತು. ತಡವರಿಸುತ್ತ, ಅಷ್ಟೇನೂ ಚಂದವಿಲ್ಲದ, ವಾಕ್ಯ ಮುಗಿಸಲು ಬಾರದವನ ಮಾತಿನ ಹಾಗಿದ್ದ ನಾಲ್ಕು ಸಾಲು. ಎಷ್ಟೋ ದಿನ ಅದನ್ನೇ ಉಜ್ಜಿದ. ಒಂದು ಶನಿವಾರ ಊರ್ಮಿಳಾ ಡ್ರೈಯರಿನಿಂದ ಬಟ್ಟೆ ತೆಗೆಯಲು ಗ್ಯಾರೇಜಿಗೆ ಬಂದವಳು ಬುಟ್ಟಿ ಕೆಳಗಿಟ್ಟು ನಿಂತಳು. ಇದು ಯಾರದು ಎಂದು ಕೇಳಿದಳು. ನನ್ನದು ಅಂದ. ಇನ್ನೊಂದು ಸಲ ಬಾರಿಸಿ ಅಂದಳು. ಬಾರಿಸಿದ. ಅವಳು ಅಲ್ಲೇ ಬಟ್ಟೆ ಮಡಿಸುತ್ತ ಕೂತಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಅದೇ ವಾರ ಸ್ಯಾನ್ ಫ್ರಾನ್ಸಿಸ್ಕೋದ ಟೀವಿ ಚಾನೆಲ್ಲೊಂದು ಡಾರ್ಲೀನಳನ್ನು ಭಾನುವಾರ ಬೆಳಗಿನ ನೇರ ಪ್ರಸಾರಕ್ಕೆ ಕರೆಯಿತು. ಸ್ವಂತಕ್ಕೆಂದು ಯಾರನ್ನೂ ಏನೂ ಕೇಳದ ರಘೋತ್ತಮ ಅವಳನ್ನು ಕೇಳಿದ: ಈ ಒಂದು ಸಲ ನನ್ನ ಹೆಸರು ಕರೀತೀಯಾ, ನನ್ನದೇ ಒಂದು ತುಣುಕು ಬಾರಿಸಲಾ? ಡಾರ್ಲೀನ್, ರಘು ಅಂದರೆ ಸಾಕಲ್ಲ, ಉಳಿದದ್ದು ನನ್ನ ನಾಲಿಗೆಗೆ ನಿಲುಕುವುದಿಲ್ಲ ಎಂದಳು. ಆಮೇಲೆ, ಆ ಜಾಗ ನಿನ್ನದು, ಏನು ಬೇಕಾದರೂ ಮಾಡಿಕೋ ಎಂದಳು.

ನಾನೂ ಬರುತ್ತೇನೆ ಎಂದಳು ಊರ್ಮಿಳಾ. ಸ್ಯಾಕ್ರಮೆಂಟೋದವರಿಗೆ ಸೋಮವಾರ ಉತ್ತರ ಹೇಳಬೇಕಿತ್ತು.

ಸ್ಟುಡಿಯೋದಲ್ಲಿ ಒಬ್ಬ ಹುಡುಗಿ ಬಂದು ಅವನ ತಲೆಗೊಂದು ಕೌಬಾಯ್ ಟೋಪಿ ಇಟ್ಟಳು. ಈ ದೇಶದಲ್ಲಿ ಟೋಪಿ ಹಾಕಿಸಿಕೊಳ್ಳುತ್ತಿರುವುದು ಇದೇನು ಮೊದಲಲ್ಲ ಎಂದು ಅವನು ಊರ್ಮಿಳೆಗೆ ಕನ್ನಡದಲ್ಲಿ ಹೇಳಿದ, ತನ್ನದೇ ದನಿಯಲ್ಲಿ. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು. ಮೊದಲ ಸಾಲಿನಲ್ಲಿ ಅವಳ ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿ ಆರ್ವಿಲ್ ಕೂತಿದ್ದ, ಮಡಿಲಲ್ಲಿ ನಡುಗುವ ಕೈಗಳನ್ನು ಒಂದರ ಮೇಲೊಂದು ಇಟ್ಟುಕೊಂಡು.

ತಾಲೀಮಿನಲ್ಲಿ ರಘೋತ್ತಮ ತನ್ನ ನಾಲ್ಕು ಸಾಲು ಬಾರಿಸಿದ. ನಿರ್ದೇಶಕ ಕಿವಿಯ ಹೆಡ್‌ಫೋನು ಸರಿಸಿ, "ನೈಸ್. ಡಿಫರೆಂಟ್" ಎಂದ. ಅಮೆರಿಕದವರು ಡಿಫರೆಂಟ್ ಅಂದರೆ, ನಮ್ಮವರು ಬೀಗರ ಮನೆಯ ಸಾರು ಕುಡಿದು "ಬಿಸಿಯಾಗಿದೆ" ಅಂದ ಹಾಗೆ. ನಿರ್ದೇಶಕನ ಆ ದನಿಯ ಏರಿಳಿತ ರಘೋತ್ತಮನ ಕಿವಿಯಲ್ಲಿ ಕೂತುಬಿಟ್ಟಿತು. ಬೇಕೆಂದರೆ ಅಲ್ಲೇ ಅವನ ಹಾಗೆ ಮಾಡಿ ತೋರಿಸಬಹುದಿತ್ತು. ಅಷ್ಟು ಚೆನ್ನಾಗಿ ಕೂತಿತ್ತು.

ಕೆಂಪು ದೀಪ ಹತ್ತಿತು. ಡಾರ್ಲೀನ್ ಹಾಡಿದಳು. ಬೀಗದ ಕೈ ಫ್ರಿಜ್ಜಿನ ಮೇಲೆ ಬಿತ್ತು. ಹಾಡು ನಿಂತಿತು. ಅವಳು ಹಿಂದೆ ತಿರುಗಿ, ಕೊಟ್ಟ ಮಾತಿನ ಪ್ರಕಾರ, ಸ್ಪಷ್ಟವಾಗಿ ಕರೆದಳು.

"ಅಳು, ರಘು."

ಸ್ಟುಡಿಯೋದಲ್ಲಿದ್ದ ಜನ ಆರ್ವಿಲ್ ಎಂದು ಕೂಗಲು ಬಾಯಿ ತೆರೆದಿದ್ದರು. ತೆರೆದ ಬಾಯಿ ಹಾಗೇ ಉಳಿಯಿತು. ಯಾರು ಇವನು ಎಂಬ ಹಾಗೆ ಒಂದು ಸಣ್ಣ ಮೌನ. ಕ್ಯಾಮೆರಾ ಅವನ ಕಡೆಗೇ ಬರುತ್ತಿತ್ತು. ಊರ್ಮಿಳಾ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿದ್ದು ಅವನಿಗೆ ಕಂಡಿತು. ನೂರು ಮನೆಯ ಹಾಲಿನಲ್ಲಿ, ನೂರು ಪೂಜೆಯ ಊಟದ ನಂತರ ಇಂಥ ಮೌನವನ್ನು ಅವನು ಕಂಡಿದ್ದ. ಅದನ್ನು ಹೇಗೆ ತುಂಬಬೇಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಸಲಾಕೆ ಜಾರಿತು. ಆರ್ವಿಲ್ ಅತ್ತ.

ರಘೋತ್ತಮನ ತಂತಿಗಳಲ್ಲಿ, ರೆಕಾರ್ಡಿನಲ್ಲಿದ್ದ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅತ್ತ. ಕೊನೆಯಲ್ಲಿ ಸ್ವರ ಅರೆಗಳಿಗೆ ಎಡವಿ ಮೇಲೇಳುವ ಆ ಜಾರು ಕೂಡ ಹಾಗೇ ಬಂತು. ಜನ ಸಮಾಧಾನದಿಂದ ಉಸಿರು ಬಿಟ್ಟು ಹೋ ಎಂದು ಎದ್ದು ನಿಂತರು. ಕೇಳಿದ ಕೂಡಲೇ ನಿರ್ದೇಶಕ ಜಾಣತನ ಮಾಡಿ, ರಘೋತ್ತಮನತ್ತ ಬರುತ್ತಿದ್ದ ಕ್ಯಾಮೆರಾವನ್ನು ಬಿಟ್ಟು ಇನ್ನೊಂದರಿಂದ ಆರ್ವಿಲ್‌ನ ಮುಖ ತೋರಿಸಿದ್ದ. ಆ ನಾಲ್ಕು ಸಾಲಿನ ಉದ್ದಕ್ಕೂ ಟೀವಿಯಲ್ಲಿ ಕಂಡದ್ದು ಒಬ್ಬ ಮುದುಕನ ಒದ್ದೆ ಕಣ್ಣು ಮತ್ತು ನಡುಗುವ ಕೈ. ಇದು ರಘೋತ್ತಮನಿಗೆ ತಿಳಿದದ್ದು ಆಮೇಲೆ, ಭಾವನಾಳ ಮೆಸೇಜಿನಿಂದ. "ಅಪ್ಪಾ, ಯು ಸೌಂಡೆಡ್ ಎಕ್ಸಾಕ್ಟ್ಲಿ ಲೈಕ್ ದ ರೆಕಾರ್ಡ್! ಬಟ್ ದೇ ಓನ್ಲಿ ಶೋಡ್ ಸಮ್ ಓಲ್ಡ್ ಗೈ."

ಎಲ್ಲ ಮುಗಿದ ಮೇಲೆ ಡಾರ್ಲೀನ್ ಬಂದು ಅವನ ಭುಜ ತಟ್ಟಿದಳು. ಯಾಕೆ ಹೀಗೆ ಮಾಡಿದೆ ಎಂದು ಕೇಳಿದ್ದರೆ ವಾಸಿಯಿತ್ತು. ಆರ್ವಿಲ್ ಸನ್ನೆ ಮಾಡಿ ಹತ್ತಿರ ಕರೆದ. ಬಗ್ಗಿದ ರಘೋತ್ತಮನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಮಾತಾಡಿದ.

"ಕೊನೆಯಲ್ಲಿ ಎಡವುತ್ತಲ್ಲ, ಅದು ನನ್ನ ತಪ್ಪು. ರೆಕಾರ್ಡಿಂಗ್ ದಿವಸ ಬೆರಳಿಗೆ ಗಾಯವಾಗಿತ್ತು. ಮತ್ತೊಮ್ಮೆ ಬಾರಿಸೋದಕ್ಕೆ ಅವರು ಬಿಡಲಿಲ್ಲ. ಅದನ್ನ ಕೇಳಿದಾಗಲೆಲ್ಲ ಇವತ್ತಿಗೂ ನಾಚಿಕೆಯಾಗುತ್ತೆ." ಸ್ವಲ್ಪ ತಡೆದು ಉಸಿರೆಳೆದುಕೊಂಡ. "ಇವತ್ತು ನೀನು ನಿಂದು ಬಾರಿಸ್ತೀಯ ಅಂತ ಡಾರ್ಲೀನ್ ಹೇಳಿದ್ದಳು. ಅದನ್ನ ಕೇಳೋಣ ಅಂತ ಬಂದಿದ್ದೆ."

ವಾಪಸು ಬರುವಾಗ ಕಾರು ಓಡಿಸಿದ್ದು ಊರ್ಮಿಳಾ. ಫ್ರೀವೇ ಖಾಲಿಯಿತ್ತು. ಬಹಳ ದೂರ ಬಂದ ಮೇಲೆ, ಚೆನ್ನಾಗಿತ್ತು ಎಂದಳು. ನಿರ್ದೇಶಕ ಹೀಗಂದ, ಜನ ಹಾಗೆ ನೋಡಿದರು, ಕೈ ತಾನೇ ಹೋಯಿತು ಎಂದು ಅವನು ವಿವರಿಸಿದ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಕೇಳಿದಳು.

"ರೀ, ಗ್ಯಾರೇಜಲ್ಲಿ ಬಾರಿಸಿದ್ರಲ್ಲ, ಅದು ನಿಜವಾಗಲೂ ನಿಮ್ಮದೇನಾ?"

ನನ್ನದೇ ಅಂದ. ಅಂದ ಮೇಲೆ ಅವನಿಗೇ ಅನುಮಾನವಾಯಿತು. ಆ ಧಾಟಿಯನ್ನು ಎಲ್ಲೋ ಕೇಳಿದ ಹಾಗಿತ್ತಲ್ಲ, ಯಾವುದೋ ಹಳೆಯ ಆರ್ಕೆಸ್ಟ್ರಾದಲ್ಲಿ, ಯಾರದೋ ಮದುವೆಯಲ್ಲಿ? ನೆನಪಾಗಲಿಲ್ಲ. ನಾಳೆ ಬೆಳಿಗ್ಗೆ ಸ್ಯಾಕ್ರಮೆಂಟೋಗೆ ಫೋನ್ ಮಾಡುತ್ತೇನೆ ಎಂದಳಷ್ಟೇ, ಗ್ರೋಸರಿಗೆ ಹೋಗಿ ಬರುತ್ತೇನೆ ಅನ್ನುವ ಹಾಗೆ.

ಹೋಗಬೇಡ ಅನ್ನಬೇಕಿತ್ತು. ಅದೊಂದೇ ಮಾತು, ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಲು ಒಂದು ದನಿ ಹುಡುಕಿದ. ಮಾವನಾದರೆ ಕೆಮ್ಮಿ ಹೇಳುತ್ತಿದ್ದರು. ಸೋದರತ್ತೆಯಾದರೆ ಮೂಗು ಸೊರಸೊರ ಅನ್ನಿಸಿ ಹೇಳುತ್ತಿದ್ದಳು. ಸಿನಿಮಾ ಹೀರೋ ಆದರೆ ಒಂದು ಕೈ ಎತ್ತಿ ಹೇಳುತ್ತಿದ್ದ. ಒಬ್ಬೊಬ್ಬರನ್ನೇ ಹೊರಗೆ ಕಳಿಸುತ್ತ ಹೋದ. ಎಲ್ಲರೂ ಹೋದ ಮೇಲೆ ಅಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಅವರ ಎಕ್ಸಿಟ್ ಬಂದಿತ್ತು. ಊರ್ಮಿಳಾ ಇಂಡಿಕೇಟರ್ ಹಾಕುತ್ತ, ಮನೆಗೆ ಹೋಗಿ ಅನ್ನ ಇಡಲಾ, ಇಲ್ಲೇ ಏನಾದರೂ ಕಟ್ಟಿಸಿಕೊಂಡು ಹೋಗೋಣವಾ ಎಂದು ಕೇಳಿದಳು.

"ಹೆಂಗಂತೀರೋ ಹಂಗೇ, ಮ್ಯಾಮ್" ಎಂದ. ಅದು ಆರ್ವಿಲ್‌ನ ದನಿ, ಉಸಿರೆಳೆದುಕೊಳ್ಳುವ ಜಾಗವೂ ಸೇರಿ, ಸ್ವಲ್ಪವೂ ತಪ್ಪದೆ ಬಂದಿತ್ತು.