ಕಲಕು ನೀರಿಗೆ ಕಪ್ಪು

ಗೆಳೆಯ ವೈಕುಂಠನ ಮನೆಯ ಬಾಗಿಲ ಬಳಿಯ ಚಪ್ಪಲಿ, ಬೂಟುಗಳ ರಾಶಿ ದಾಟಿ ಜಯರಾಜ್ ಒಳಗೆ ಕಾಲಿಡುವಾಗ, ನೆರೆಮನೆಯ ಪದ್ಮಜಾ ಅಡುಗೆಮನೆಯ ಫೋನಿನಲ್ಲಿ ಅವನ ಸುಳ್ಳನ್ನೇ ಯಾರಿಗೋ ಹೇಳುತ್ತಿದ್ದಳು.

“ಹೌದ್ರೀ, ಬೋಟಲ್ಲೇ. ಹಾರ್ಟ್ ಅಟ್ಯಾಕು. ಜಯರಾಜ್ ಜೊತೇಲಿದ್ರಲ್ಲ, ಅವ್ರೇ ಹೇಳಿದ್ದು. ಕೊನೇಲಿ ‘ವಸಂತೀ’ ಅಂತ ಎರಡು ಸಲ ಕರೆದ್ರಂತೆ, ಪಾಪ.”

ಎರಡು ಸಲ ಎಂದು ಜಯರಾಜ್ ಹೇಳಿರಲಿಲ್ಲ. ಶನಿವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ವೈಕುಂಠನ ಹೆಂಡತಿ ವಸಂತಿ ಅವನ ತೋಳು ಹಿಡಿದು, “ಏನಾದ್ರೂ ಹೇಳಿದ್ರಾ?” ಎಂದು ಕೇಳಿದಾಗ, “ನಿಮ್ಮ ಹೆಸರು ಹೇಳಿದ, ಅತ್ತಿಗೆ” ಎಂದುಬಿಟ್ಟಿದ್ದ. ಅಷ್ಟೇ. ಈಗ ಆ ಮಾತಿಗೆ ಕೈಕಾಲು ಬಂದು, ಕ್ಯಾಂಪ್‌ಬೆಲ್ಲಿನಿಂದ ಸ್ಯಾನ್ ರಮೋನಿನವರೆಗೆ ಕನ್ನಡದವರ ಮನೆಮನೆಗೆ ಓಡಾಡುತ್ತಿತ್ತು.

ಹಜಾರದಲ್ಲಿ ಶೇಷಾದ್ರಿ ದರ್ಭೆ, ಎಳ್ಳು ಜೋಡಿಸುತ್ತಿದ್ದರು. ವಾರವಿಡೀ ಕಂಪ್ಯೂಟರ್ ಕಂಪನಿಯ ಕೆಲಸ. ಮದುವೆ, ಸಾವು ಬಂದರೆ ಕನ್ನಡದವರಿಗೆಲ್ಲ ಅವರೇ ಪುರೋಹಿತರು.

“ಜಯರಾಜ್, ಅವರಿಗೆ ಮಕ್ಕಳಿಲ್ಲ. ಊರಿಂದ ಅಣ್ಣತಮ್ಮಂದಿರು ಬರೋಕಾಗಲ್ಲ. ತಮ್ಮನ ಜಾಗದಲ್ಲಿ ನೀವೇ ನಿಂತ್ಕೊಳ್ಳಿ. ಇಲ್ಲಿ ಬೆಂಕಿ ಇಡೋದು ಅಂದ್ರೆ ಒಂದು ಬಟನ್ನು ಒತ್ತೋದು.”

ಜಯರಾಜ್ ತಲೆಯಾಡಿಸಿದ. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ನಿಂತ. ಶನಿವಾರದಿಂದ ಅವನಿಗೆ ಎಲ್ಲೂ ಬೆನ್ನು ತೆರೆದು ನಿಲ್ಲಲಾಗುತ್ತಿರಲಿಲ್ಲ. ಪಾತ್ರೆ ತೊಳೆಯುವಾಗಲೂ ಹಿಂದೆ ಯಾರೋ ಸುಮ್ಮನೆ ಕೂತು, ಉತ್ತರ ಕೊಡದೆ ಕಾಯುತ್ತಿರುವ ಹಾಗೆ ಅನಿಸುತ್ತಿತ್ತು.

*

ವೈಕುಂಠನಿಗೆ ಶುಕ್ರವಾರ ಸಂಜೆಯೇ ಮೀನಿನ ಕೆಲಸ ಶುರುವಾಗುತ್ತಿತ್ತು. ಕಲ್ಯಾಣಪುರದ ಹೊಳೆಯಲ್ಲಿ ಎರೆಹುಳ ಪೋಣಿಸಿ ಗಾಳ ಹಾಕುತ್ತ ಬೆಳೆದವನು ಇಲ್ಲಿಗೆ ಬಂದಮೇಲೆ, ಬಂಡೆಗಳ ಸಂದಿನಲ್ಲಿ ಬಾಳುವ ಸ್ಮಾಲ್‌ಮೌತ್ ಬಾಸ್ ಮೀನಿಗೆ ಮರುಳಾಗಿದ್ದ. ಆ ಮೀನಿಗೆ ಕೆರೆಯ ಏಡಿಯೆಂದರೆ ಪ್ರಾಣ. ಏಡಿಯ ಹಾಗೇ ಕಾಣುವ ಕಂದು, ಕಪ್ಪು ರಬ್ಬರಿನ ಎರೆಗಳು ಅವನ ಡಬ್ಬಿಯ ತುಂಬ ಇದ್ದವು. ಬಾತ್‌ಟಬ್ಬಿಗೆ ನೀರು ಬಿಟ್ಟು, ಹಿತ್ತಲ ಮಣ್ಣು ಕದಡಿ, ಮೊಣಕಾಲೂರಿ ಒಂದೊಂದನ್ನೇ ಇಳಿಬಿಟ್ಟು ನೋಡುವನು.

“ಹೇ, ಕೇಳ್ತಾ? ನೀನು ಮೀನಾದ್ರೆ ಯಾವ್ದನ್ನು ಕಚ್ತಿ?”

“ನಾನು ಮೀನಾದ್ರೆ ಮೊದ್ಲು ನಿಮ್ಮನ್ನೇ ಕಚ್ಚೋದು. ಈ ಟಬ್ಬು ತೊಳೀಲಿಕ್ಕೆ ಯಾರು?” ಎಂದು ವಸಂತಿ ಹೊರಗಿನಿಂದಲೇ ಕೂಗುವಳು.

“ಜೀವದ ಹುಳ ಹಾಕು ಮಾರಾಯ, ತಲೆಬಿಸಿಯೇ ಇಲ್ಲ,” ಎಂದು ಜಯರಾಜ್ ನಗುವನು.

“ಹುಳವಾದ್ರೆ ಹೊಟ್ಟೆವರೆಗೆ ನುಂಗ್ತದೆ, ಜಯ. ಗಾಳ ಎಳೆದ್ರೆ ಸತ್ತೇ ಹೋಗ್ತದೆ. ಇದಾದ್ರೆ ತುಟಿಗೆ ಸಿಕ್ತದೆ. ಬಿಡಿಸಿ ವಾಪಸ್ ಬಿಡಬಹುದು.” ಆಮೇಲೆ ಮಗ್ಗಿ ಹೇಳಿದಂತೆ ಹೇಳುವನು: “ತಿಳಿ ನೀರಿಗೆ ಕಂದು. ಕಲಕು ನೀರಿಗೆ ಕಪ್ಪು.”

*

ದಹನಾಗಾರದ ಚಾಪೆಲ್ಲಿನಲ್ಲಿ ಶೇಷಾದ್ರಿ ಮಂತ್ರ ಮುಗಿಸಿ ಎರಡು ಮಾತಾಡಿದರು. “ಪುಣ್ಯವಂತ. ಬಾಯಲ್ಲಿ ನಾರಾಯಣ ಅಂತ ಹೇಳ್ತಾನೇ ಹೋದ್ರಂತೆ.” ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು.

ವಸಂತಿ ಅಳಲಿಲ್ಲ. ಎದ್ದು, ಜಯರಾಜನಿಗೆ ಕಣ್ಸನ್ನೆ ಮಾಡಿ ಪಕ್ಕದ ಕೋಣೆಗೆ ನಡೆದಳು. ಅವನು ಹಿಂದೆ ಬಂದ.

“ನಿಜ ಹೇಳಿ, ಜಯಣ್ಣ.”

“ಎಂತ ನಿಜ, ಅತ್ತಿಗೆ?”

“ಇಷ್ಟು ವರ್ಷದಲ್ಲಿ ಅವ್ರು ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. ‘ಹೇ, ಕೇಳ್ತಾ?’ ಅಷ್ಟೇ. ಸಾಯುವಾಗ ಕಲಿತ್ರಾ?”

ಜಯರಾಜ್ ಗೋಡೆಗೆ ಒರಗಿದ.

“‘ಕಂದು ಆಗ್ಲಿಕ್ಕಿಲ್ಲ, ನೀರು ಕಲಕಿದೆ, ಕಪ್ಪು ಕೊಡು’ ಅಂದ. ಅದೇ ಕೊನೇ ಮಾತು.”

*

ಬೆರಿಯೆಸ್ಸಾ ಸರೋವರದಲ್ಲಿ ಆ ಅಕ್ಟೋಬರಿನ ಮೊದಲ ಮಳೆ ಬಿದ್ದು ನೀರು ಕೆಂಪಗಾಗಿತ್ತು. ಜಯರಾಜ್ ಬೆನ್ನು ತಿರುಗಿಸಿ ಡಬ್ಬಿ ತೆರೆದ. ಕಪ್ಪಿನಲ್ಲೇ ಎಷ್ಟು ಬಗೆ! “ದೊಡ್ಡದೋ ಸಣ್ಣದೋ?” ಎಂದ. ಉತ್ತರವಿಲ್ಲ. “ಕೊಂಬು ಇರೋದೋ?” ಅದಕ್ಕೂ ಇಲ್ಲ. ಹಟಮಾರಿ, ನಾನೇ ಆರಿಸಲಿ ಎಂದು ಸುಮ್ಮನಿದ್ದಾನೆ ಅಂದುಕೊಂಡು ಜಯರಾಜ್ ಗೇಲಿ ಮಾಡುತ್ತಲೇ ಹೋದ. ಟಬ್ಬಿನ ಮಾತು ಎತ್ತಿ ನಕ್ಕ. ಒಂದನ್ನು ಆರಿಸಿ, ಬೇಡವೆನಿಸಿ, ಇನ್ನೊಂದನ್ನು ಎತ್ತಿಕೊಂಡ. ತಿರುಗಿದಾಗ ವೈಕುಂಠ ದೋಣಿಯ ಅಂಚಿಗೆ ಒರಗಿದ್ದ. ಕಣ್ಣು ತೆರೆದಿತ್ತು. ಮೊಣಕಾಲುಗಳ ನಡುವೆ ಸಿಕ್ಕಿಕೊಂಡ ಗಾಳದ ಕೋಲಿನ ತುದಿ ಬಾಗಿ ಬಾಗಿ ಏಳುತ್ತಿತ್ತು.

*

“ಮೀನು ಕಚ್ಚಿತ್ತಾ?” ಎಂದಳು ವಸಂತಿ, ಅವನು ಎಲ್ಲ ಹೇಳಿ ಮುಗಿಸಿದ ಮೇಲೆ.

“ಹ್ಞೂಂ. ಅವ ಆಗ್ಲಿಕ್ಕಿಲ್ಲ ಅಂದ ಅದೇ ಕಂದಿಗೆ. ನಾನು ದಾರ ಕಡಿದೆ.”

ಅವಳ ಗಂಟಲಿನಿಂದ ಹೊರಟ ಸದ್ದು ನಗುವೋ ಅಳುವೋ ತಿಳಿಯಲಿಲ್ಲ. “ಅವ್ರಿಗೆ ಗೊತ್ತಾಗಿದ್ರೆ ವಾರ ಪೂರ್ತಿ ನಿದ್ದೆ ಮಾಡ್ತಿರ್ಲಿಲ್ಲ,” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಕ್ಷಣದಲ್ಲಿ ಹೋಗಿದ್ದಾರೆ ಅಂದ್ರು ಡಾಕ್ಟ್ರು.”

“ಯಾವ ಕ್ಷಣ ಅಂತ ಹೇಳಿದ್ರಾ, ಅತ್ತಿಗೆ? ನಾನು ಯಾರ ಹತ್ರ ಅಷ್ಟೊತ್ತು ಮಾತಾಡಿದ್ದು?”

ಜಯರಾಜ್ ಬಾಗಿಲತ್ತ ನೋಡಿದ.

“ಬಟನ್ನು ನಾನು ಒತ್ಲಿಕ್ಕಿಲ್ಲ. ಬೇರೆ ಯಾರಾದ್ರೂ...”

“ನೀವೇ ಒತ್ತಿ,” ಎಂದಳು ವಸಂತಿ. “ಕೊನೆಗೆ ಅವ್ರು ಕೇಳಿದ್ದು ನಿಮ್ಮನ್ನು.”

ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ ಕುಲುಮೆಯ ಉಕ್ಕಿನ ಬಾಗಿಲು ಪೆಟ್ಟಿಗೆಯನ್ನು ಒಳಗೆ ತೆಗೆದುಕೊಂಡು ಮುಚ್ಚಿಕೊಂಡಿತು. ಜಯರಾಜ್ ಬಟನ್ನು ಒತ್ತಿದ. ಗೋಡೆಯೊಳಗೆ ಏನೋ ಗುಡುಗಿದ ಹಾಗಾಯಿತು.

“ಇನ್ನು ಹೊರಡಿ. ಯಾರೂ ಹಿಂದೆ ತಿರುಗಿ ನೋಡಬಾರದು,” ಎಂದರು ಶೇಷಾದ್ರಿ.

ಎಲ್ಲರೂ ಹೊರಟರು. ಪದ್ಮಜಾ ಜಯರಾಜನ ತೋಳು ಮುಟ್ಟಿದಳು. “ಬನ್ನಿ, ಶಾಸ್ತ್ರ. ಹಾಗೆ ನಿಂತು ನೋಡಬಾರ್ದು.”

ಅವನು ಕದಲಲಿಲ್ಲ. ಗೋಡೆಗೆ ಒರಗಿರಲೂ ಇಲ್ಲ. ಕೋಣೆಯ ನಟ್ಟನಡುವೆ, ಖಾಲಿ ಕುರ್ಚಿಗಳಿಗೆ ಬೆನ್ನು ಮಾಡಿ, ಉಕ್ಕಿನ ಬಾಗಿಲಿಗೆ ಮುಖ ಕೊಟ್ಟು ನಿಂತಿದ್ದ. ಹೊಸ್ತಿಲವರೆಗೆ ಹೋಗಿದ್ದ ವಸಂತಿ ಶೇಷಾದ್ರಿಯವರ ಮುಂದೆಯೇ ತಿರುಗಿ ಬಂದಳು. ಎರಡು ಮಡಚುಕುರ್ಚಿಗಳನ್ನು ಎಳೆದು, ಬಾಗಿಲಿಗೆ ಎದುರಾಗಿ ಒತ್ತೊತ್ತಿಗೆ ಇಟ್ಟಳು.