ಬಲಗಡೆ ಮೇಲಿನ ಮೂಲೆ

ಮತ್ತೆ ಅದೇ ಮೂಲೆ, ಬಲಗಡೆ ಮೇಲೆ, ಯಾರೋ ಹಾಲು ಚೆಲ್ಲಿ ಅರ್ಧಂಬರ್ಧ ಒರೆಸಿದ ಹಾಗೆ ಮಸುಕು — ಪರದೆಯ ತುಂಬ ನೀಲಿ ಸಮುದ್ರ, ಸಮುದ್ರದಲ್ಲೊಂದು ಆಮೆಮರಿ, ಪಕ್ಕದ ಸೀಟಿನಲ್ಲಿ ಐದು ವರ್ಷದ ಮೊಮ್ಮಗಳು ಬಾಯಿ ಬಿಟ್ಟುಕೊಂಡು ಕೂತಿದ್ದಾಳೆ, ಹಿಂದೆ ಮುಂದೆ ಇನ್ನೂರು ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿವೆ, ತಾತನ ಕಣ್ಣು ಮಾತ್ರ ಹೋಗಿ ಹೋಗಿ ಆ ಮೂಲೆಗೇ ಬೀಳುತ್ತದೆ, ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೂ ಅಷ್ಟೆ, ಮೂವತ್ತೆಂಟು ವರ್ಷ ಸಿನಿಮಾ ಆಪರೇಟರ್ ಆಗಿದ್ದವನ ಕಣ್ಣು ಇನ್ನೆಲ್ಲಿ ಬಿದ್ದೀತು, ಆ ಮೂಲೆಯಲ್ಲೇ ಅಲ್ಲವೇ ಚುಕ್ಕೆ ಬರುತ್ತಿದ್ದುದು, ರೀಲು ಮುಗಿಯುವ ಮೊದಲು ಒಂದು ಚುಕ್ಕೆ, ಕಣ್ಣು ಮಿಟುಕಿಸಿದರೆ ಹೋಯಿತು, ಮೊದಲ ಚುಕ್ಕೆಗೆ ಎರಡನೇ ಮೆಷಿನ್ನಿನ ಮೋಟರ್ ಹಾಕಬೇಕು, ಏಳು ಎಣಿಸುವಷ್ಟರಲ್ಲಿ ಇನ್ನೊಂದು ಚುಕ್ಕೆ, ಆಗ ಈ ಮೆಷಿನ್ನಿಂದ ಆ ಮೆಷಿನ್ನಿಗೆ ದಾಟಿಸಬೇಕು, ಕೆಳಗೆ ಕೂತ ಸಾವಿರ ಜನಕ್ಕೆ ಗೊತ್ತೇ ಆಗಬಾರದು, ಗೊತ್ತಾಯಿತು ಅಂದರೆ ಆಪರೇಟರ್ ಕೆಟ್ಟವನು ಅಂತ ಅರ್ಥ. ಈಗ ರೀಲೂ ಇಲ್ಲ ಚುಕ್ಕೆಯೂ ಇಲ್ಲ, ಫ್ರಿಜ್ಜಿನಂಥ ಒಂದು ಪೆಟ್ಟಿಗೆಯಂತೆ, ಗುಂಡಿ ಒತ್ತಿದರೆ ಸಿನಿಮಾವಂತೆ, ಆದರೂ ಕಣ್ಣು ಕಾಯುತ್ತದೆ, ಬಾರದ ಬಸ್ಸಿಗೆ ಕಾದ ಹಾಗೆ, ಮತ್ತು ಕಾಯುವ ಜಾಗವೇ ಮಸುಕಾದರೆ ಮನುಷ್ಯನಿಗೆ ಹೇಗಾಗಬೇಕು. ತಾತಾ, ಆಮೆ ಅಂಗಿ ಎಲ್ಲಿ ಹೋಯ್ತು. ಅಂಗಿ ಅಲ್ಲ ಬೆಂಕಿಪೊಟ್ಣ, ಚಿಪ್ಪು. ಎಲ್ಲಿ ಹೋಯ್ತು. ಬಿಚ್ಚಿಟ್ಟು ಈಜೋಕೆ ಹೋಗಿತ್ತಂತೆ, ಬಂದು ನೋಡಿದ್ರೆ ಇಲ್ಲವಂತೆ — ಚಿಪ್ಪು ಬಿಚ್ಚಿಟ್ಟರೆ ಆಮೆ ಬದುಕುತ್ತದೆಯೇ, ಇವರ ತಲೆಯಲ್ಲಿ ಏನು ತುಂಬಿದೆ, ಚಿಪ್ಪು ಅಂದರೆ ಬೆನ್ನಿನ ಮೂಳೆ ಕಣಯ್ಯಾ, ಅದೇನು ಗೂಟಕ್ಕೆ ನೇತು ಹಾಕುವ ಕೋಟೇ — ಶ್ಶ್ ತಾತಾ, ಜೋರಾಗಿ ಮಾತಾಡ್ತಿದ್ದೀಯ.

ಮಾತಾಡಬಾರದು, ಏಳಬಾರದು, ಇವತ್ತಿನ ಮಟ್ಟಿಗೆ ಫೆವಿಕಾಲ್ ಹಚ್ಚಿದ ಹಾಗೆ ಕೂತಿರಬೇಕು, ಮಗಳು ಗಾಜಿನ ಬಾಗಿಲ ಹತ್ತಿರ ಬೆರಳು ಮಡಿಸಿ ಮಡಿಸಿ ಹೇಳಿ ಹೋಗಿದ್ದಾಳೆ, ಅಪ್ಪಾ ಸೀಟು ಬಿಟ್ಟು ಏಳಬೇಡ, ಅಪ್ಪಾ ಅವಳಿಗೆ ಮೆಷಿನ್ ಕಥೆ ಹೇಳ್ತಾ ಕೂತ್ಕೋಬೇಡ, ಅಪ್ಪಾ ಅವಳು ಸಿನಿಮಾ ನೋಡ್ಲಿ, ಬರೀ ಸಿನಿಮಾ, ಆಮೆಗೆ ಚಿಪ್ಪು ಸಿಕ್ತೋ ಇಲ್ವೋ ಅಂತ ಸಂಜೆ ನಾನು ಅವಳನ್ನ ಕೇಳ್ತೀನಿ, ನಿನ್ನನ್ನಲ್ಲ, ಅವಳನ್ನ, ಸರಿಯಾಗಿ ಹೇಳಿದ್ಳು ಅಂದ್ರೆ ಇನ್ಮೇಲೆ ಪ್ರತಿ ಶನಿವಾರ ನಿನ್ನ ಜೊತೇನೇ ಬಿಡ್ತೀನಿ, ಇಲ್ಲಾ ಅಂದ್ರೆ ಆ ಆಯಾನೇ ಸರಿ. ಹಲ್ಲಿನ ಡಾಕ್ಟರ ಕೈಕೆಳಗೆ ಕೆಲಸ ಮಾಡಿ ಮಾಡಿ ಅವಳ ಮಾತೂ ಹಾಗೇ ಆಗಿದೆ, ನೋವಾಗೋ ಕಡೆಗೇ ನೆಟ್ಟಗೆ ಹೋಗುತ್ತದೆ. ಶನಿವಾರ ಅವಳಿಗೆ ಇಡೀ ದಿನ ಡ್ಯೂಟಿ, ಮಗುವನ್ನು ಪಕ್ಕದ ಬೀದಿಯ ಆಯಾ ಹತ್ತಿರ ಬಿಡುತ್ತಾಳೆ, ಅಲ್ಲಿ ಆ ಮಗು ಟೀವಿ ಮುಂದೆ ಮೂಟೆಯ ಹಾಗೆ ಕೂತಿರುತ್ತದೆ, ಇಲ್ಲಿ ತಾತ ಮನೆಯಲ್ಲಿ ಮೂಟೆಯ ಹಾಗೆ ಕೂತಿರುತ್ತಾನೆ, ಎರಡು ಮೂಟೆ ಒಂದೇ ಕಡೆ ಇಟ್ಟರೆ ಏನಮ್ಮಾ ತೊಂದರೆ ಅಂತ ಕೇಳಿದ್ದಕ್ಕೆ, ಪಾರ್ಕಿನಲ್ಲಿ ಏನಾಯ್ತು ಮರೆತ್ಯಾ ಅಪ್ಪಾ. ಮರೆಯುವುದೇನು, ಪಾರ್ಕಿನಲ್ಲಿ ಒಬ್ಬ ನೀರಿನ ಪಂಪು ಬಿಚ್ಚಿ ಕೂತಿದ್ದ, ತಪ್ಪು ತಪ್ಪಾಗಿ ಬಿಚ್ಚುತ್ತಿದ್ದ, ನೋಡಿಕೊಂಡು ಸುಮ್ಮನಿರುವುದಕ್ಕಾಗುತ್ತದೆಯೇ, ಎರಡು ಮಾತು ಹೇಳೋಣ ಅಂತ ಹೋದದ್ದು, ಮಗು ಸೀಸಾ ಹಲಗೆಯ ಒಂದು ತುದಿಯಲ್ಲಿ, ಎದುರು ತುದಿಯಲ್ಲಿ ಯಾರೂ ಇಲ್ಲ, ಅರ್ಧ ಗಂಟೆ ಹಾಗೇ ಕೂತಿತ್ತಂತೆ, ಅಳಲೂ ಇಲ್ಲವಂತೆ — ನಿನ್ನ ಮೈ ಇಲ್ಲಿರುತ್ತೆ ಅಪ್ಪಾ, ಜೀವ ಯಾವುದೋ ಮೆಷಿನ್ ಒಳಗಿರುತ್ತೆ.

ಸರಿ ತಾಯಿ, ಕೂತಿದ್ದೇನೆ, ನೋಡು, ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದೇನೆ, ಆಮೆ ಈಗ ಒಂದು ಏಡಿಯನ್ನು ಕೇಳುತ್ತಿದೆ, ನನ್ನ ಚಿಪ್ಪು ನೋಡಿದೆಯಾ ಅಂತ, ಏಡಿ ಹಾಡು ಹೇಳುತ್ತದೆ, ಎಲ್ಲದಕ್ಕೂ ಹಾಡು, ಮೊಮ್ಮಗಳು ಕಾಲು ಆಡಿಸುತ್ತಿದ್ದಾಳೆ, ಕಾಲು ನೆಲಕ್ಕೆ ಎಟುಕುವುದಿಲ್ಲ, ಮಸುಕು ಈಗ ಮೂಲೆಯಿಂದ ಇಳಿದು ಏಡಿಯ ಇಕ್ಕಳದಂಥ ಕೈವರೆಗೆ ಬಂದಿದೆ, ಅಲ್ಲ ಇದು ಲೆನ್ಸಿನ ಮೇಲೆ ಧೂಳು ಕೂತಿದೆ, ಅಥವಾ ಲ್ಯಾಂಪು ಸಾಯುತ್ತಿದೆ, ಸಾಯುವ ಲ್ಯಾಂಪು ತಾತನಿಗೆ ಗೊತ್ತು, ಮೊದಲು ಬಿಳಿಯನ್ನು ತಿನ್ನುತ್ತದೆ, ಆಮೇಲೆ ನೀಲಿ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ, ಮೂರನೇ ಸಲ. ನಿನಗೆ ಸರಿಯಾಗಿ ಕಾಣ್ತಾ ಇದೆಯೇನೇ. ಹೂಂ. ಆ ಮೂಲೆ? ಯಾವ ಮೂಲೆ. ಅಲ್ಲಿ ಮೇಲೆ, ಬಲಗಡೆ, ಮಸುಕಾಗಿಲ್ವಾ. ಅಲ್ಲೊಂದು ಮೀನಿದೆ ತಾತಾ, ಹಳದಿ ಮೀನು, ನಗ್ತಾ ಇದೆ. ಮೀನು! ಇವಕ್ಕೇನು ಗೊತ್ತು, ಅಂಗೈ ಅಗಲದ ಫೋನಿನಲ್ಲಿ ಸಮುದ್ರ ನೋಡಿ ಬೆಳೆದ ಮಕ್ಕಳು, ಮಸುಕು ಯಾವುದು ಮೀನು ಯಾವುದು ಅಂತ ಹೇಳಿಕೊಡುವವರು ಬೇಡವೇ — ಇನ್ನೂರು ಮಕ್ಕಳನ್ನು ಕೂರಿಸಿಕೊಂಡು ಹಳಸಿದ ಚಿತ್ರ ಬಡಿಸುತ್ತಿದ್ದಾರೆ, ಒಬ್ಬನಾದರೂ ಏಯ್ ಆಪರೇಟರ್ ಫೋಕಸ್ ಅಂತ ಕೂಗುತ್ತಾನೆಯೇ, ನಮ್ಮ ಕಾಲದಲ್ಲಿ ಒಂದು ಕೂದಲೆಳೆ ಆಚೀಚೆ ಆದರೆ ಶಿಳ್ಳೆ, ಬೆಂಚು ಕುಟ್ಟುವುದು, ಸತ್ತೋದ್ಯೇನಲೋ ಆಪರೇಟರ್ ಅನ್ನುವುದು, ಒಂದೇ ಒಂದು ಸಲ, ಮೂವತ್ತೆಂಟು ವರ್ಷದಲ್ಲಿ ಒಂದೇ ಸಲ ಪರದೆ ಬೆಳ್ಳಗಾಗಿತ್ತು, ಅದೂ ಅವನ ತಪ್ಪಲ್ಲ, ಮಗಳ ತಪ್ಪು.

ಆರು ವರ್ಷ ಅವಳಿಗೆ, ಅವಳ ತಾಯಿ ಹೊಲಿಗೆ ಕಾರ್ಖಾನೆಯ ಮಧ್ಯಾಹ್ನದ ಪಾಳಿಗೆ ಹೋಗುತ್ತಿದ್ದ ಕಾಲ, ಮ್ಯಾಟಿನಿ ಹೊತ್ತಿಗೆ ಮಗುವನ್ನು ಯಾರ ಹತ್ತಿರ ಬಿಡುವುದು, ಜೊತೆಗೇ ಮೆಷಿನ್ ರೂಮಿಗೆ ಕರೆದುಕೊಂಡು ಹೋಗುತ್ತಿದ್ದ, ಒಲೆಯ ಹಾಗೆ ಕುದಿಯುವ ಕೋಣೆ, ಕಾರ್ಬನ್ ಕಡ್ಡಿ ಉರಿದ ವಾಸನೆ, ಗೋಡೆಯಲ್ಲಿ ಚಪಾತಿ ಮಣೆಯಷ್ಟಗಲ ಒಂದು ಗಾಜಿನ ಕಿಟಕಿ, ಅದಕ್ಕೆ ಎಟುಕಲಿ ಅಂತ ಎರಡು ರೀಲು ಡಬ್ಬ ಒಂದರ ಮೇಲೊಂದು ಇಟ್ಟು ಅವಳನ್ನು ಹತ್ತಿಸಿ ನಿಲ್ಲಿಸಿದ, ನೋಡು ಮರಿ, ಆ ಬಲಗಡೆ ಮೇಲಿನ ಮೂಲೆ ನೋಡ್ತಾ ಇರು, ಚುಕ್ಕೆ ಬಂದ ತಕ್ಷಣ ಚುಕ್ಕೆ ಅಂತ ಕೂಗು. ಏನು ಕಣ್ಣು ಆ ಮಗುವಿನದು, ಗಿಡುಗದ ಕಣ್ಣು, ಚುಕ್ಕೆ! ಅಂತ ಕೂಗಿದಳು ಅಂದರೆ ಮೋಟರ್ ಹಾಕಿದ ಅಂತಲೇ ಲೆಕ್ಕ, ಆಪರೇಟರ್ ಅಷ್ಟು ಹೊತ್ತು ಹಾಯಾಗಿ ರೀಲು ಸುತ್ತಿಕೊಳ್ಳಬಹುದಿತ್ತು, ಮ್ಯಾನೇಜರ್ ಕೂಡ ಮೆಚ್ಚಿಕೊಂಡಿದ್ದ, ಏನಯ್ಯಾ ನಿನ್ನ ಅಸಿಸ್ಟೆಂಟು ಹಾಲುಹಲ್ಲಿನವಳು. ಒಂದು ದಿನ ಮಾತ್ರ ಕೂಗಲಿಲ್ಲ. ಪರದೆ ಬೆಳ್ಳಗಾಯಿತು, ಕೆಳಗೆ ಶಿಳ್ಳೆ, ಓಡಿ ಬಂದು ನೋಡಿದರೆ ಮಗು ಗಾಜಿಗೆ ಮೂಗು ಒತ್ತಿಕೊಂಡು ನಗುತ್ತಿದೆ, ಪರದೆಯ ಮೇಲೆ ಯಾವನೋ ಹಾಸ್ಯದವನು ಕೆಸರಿಗೆ ಬಿದ್ದಿದ್ದನಂತೆ, ಆ ನಗು ಇನ್ನೂ ಮುಗಿದಿರಲಿಲ್ಲ, ಸಿನಿಮಾ ನೋಡೋಕೆ ಬಂದಿದ್ದೀಯೇನೇ ಇಲ್ಲಿಗೆ ಅಂತ ತಲೆಗೆ ಮೊಟಕಿದ, ಗಟ್ಟಿಯಾಗಿ ಏನಲ್ಲ, ಸುಮ್ಮನೆ ಹಾಗೆ, ಆಮೇಲೆ ಅವಳು ಯಾವತ್ತೂ ತಪ್ಪಲಿಲ್ಲ. ಸಿನಿಮಾ ನೋಡೋಕೆ ಬಂದಿದ್ದೀಯೇನೇ — ಸಿನಿಮಾ ಮಂದಿರದಲ್ಲಿ ನಿಂತು ಹೇಳಿದ ಮಾತು, ಈಗ ನೆನೆದರೆ ನಗುವೂ ಬರುವುದಿಲ್ಲ. ಹೋದ ವರ್ಷ ಟೀವಿಯಲ್ಲಿ ಅದೇ ಹಳೇ ಸಿನಿಮಾ ಬರುತ್ತಿತ್ತು, ಯಾರಪ್ಪಾ ಈ ಹೀರೋ, ಅಂದಳು ಮಗಳು, ಅಯ್ಯೋ ನಿನ್ನ, ನೂರು ದಿನ ಓಡಿದ ಸಿನಿಮಾ ಕಣೇ ಇದು, ನೂರು ದಿನಾನೂ ನೀನು ಕಿಟಕೀಲಿ ನಿಂತಿದ್ದೆ! ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, ನಾನು ಮೂಲೆ ನೋಡ್ತಿದ್ದೆ ಅಪ್ಪಾ. ಅಷ್ಟೆ. ಆಮೇಲೆ ಸಾರು ಬಡಿಸಿಕೊಂಡಳು.

ಇಲ್ಲ, ಇದು ಆಗುವುದಿಲ್ಲ, ಮಸುಕು ಈಗ ಅರ್ಧ ಸಮುದ್ರ ನುಂಗಿದೆ, ಆಮೆ ಒಂದು ಗುಹೆಯ ಬಾಯಿಗೆ ಬಂದಿದೆ, ಒಳಗೆ ಏನೋ ಹೊಳೆಯುತ್ತಿದೆ, ಮಕ್ಕಳೆಲ್ಲ ಉಸಿರು ಬಿಗಿ ಹಿಡಿದಿವೆ, ಇಂಥ ಜಾಗದಲ್ಲಿ ಚಿತ್ರ ಹೀಗಾದರೆ — ಎರಡೇ ನಿಮಿಷ, ಮೇಲೆ ಹೋಗಿ ಹೇಳಿ ಬಂದರೆ ಆಯಿತು, ಮಗುವಿಗೇ ಒಳ್ಳೆಯದು, ಸಿನಿಮಾ ನೋಡಲಿ ಅಂತ ತಾನೇ ಅವಳಮ್ಮ ಹೇಳಿದ್ದು, ಸಿನಿಮಾ ಕಾಣಬೇಡವೇ ಮೊದಲು. ಯಜಮಾನ್ರೇ ಕೂತ್ಕೊಳ್ಳಿ, ಹಿಂದಿನಿಂದ ಒಬ್ಬ. ಕೂತ್ಕೊಂಡೇ ಇದ್ದೆ ಕಣಪ್ಪಾ ಇಷ್ಟು ಹೊತ್ತು, ನಿಮಗೆಲ್ಲ ಕಣ್ಣಿಲ್ಲ ಅಂತ ಎದ್ದೆ. ತಾತಾ ಎಲ್ಲಿಗೆ. ಎಲ್ಲಿಗೂ ಇಲ್ಲ ಬೆಂಕಿಪೊಟ್ಣ, ಇಲ್ಲೇ, ತಿರುಗಿ ನೋಡು, ಹಿಂದೆ ಮೇಲೆ, ಬೆಳಕು ಬರ್ತಾ ಇದೆಯಲ್ಲ, ಆ ಸಣ್ಣ ಕಿಟಕಿ, ಅಲ್ಲಿಂದ ಕೈ ಬೀಸ್ತೀನಿ, ನೋಡ್ತಿರು, ಆಯ್ತಾ? ಪಕ್ಕದ ಸೀಟಿನ ಹೆಂಗಸಿಗೆ, ಸ್ವಲ್ಪ ನೋಡ್ಕೊಳ್ಳಮ್ಮ, ಎರಡೇ ನಿಮಿಷ, ಅಂದು ಮೊಣಕಾಲುಗಳನ್ನು ದಾಟಿ ಪಾಪ್‌ಕಾರ್ನ್ ತುಳಿದು ಹೊರಗೆ ಬಂದ, ಬಾಗಿಲ ಮೇಲಿನ ಕೆಂಪು ದೀಪ, ಅದರ ಸುತ್ತಲೂ ಮಸುಕು, ಕಾರಿಡಾರಿನ ಟ್ಯೂಬ್‌ಲೈಟು, ಅದೂ ಮಸುಕು, ಥೂ, ಈ ಕಟ್ಟಡದಲ್ಲಿ ಒಂದು ದೀಪವಾದರೂ ನೆಟ್ಟಗಿದೆಯೇ.

ಮೆಟ್ಟಿಲು ಹತ್ತಿದ, ಮಂಡಿ ಬೈಯಿತು, ಮೇಲೆ ಒಂದು ಕಬ್ಬಿಣದ ಬಾಗಿಲು, ಬೀಗ, ಬೀಗ ಹಾಕಿದ್ದಾರೆ, ಸಿನಿಮಾ ನಡೆಯುವಾಗ ಮೆಷಿನ್ ರೂಮಿಗೆ ಬೀಗ! ಬಾಗಿಲು ತಟ್ಟಿದ, ಕಿವಿ ಇಟ್ಟ, ಒಳಗೆ ಗುಂಯ್ ಅನ್ನುವ ಸದ್ದು, ಫ್ಯಾನಿನದು, ಕೆಮ್ಮಿಲ್ಲ, ಕುರ್ಚಿ ಎಳೆದ ಶಬ್ದವಿಲ್ಲ, ರೀಲಿನ ಚರಚರ ಇಲ್ಲ. ಯಾರು ಬೇಕು ಅಜ್ಜಾ, ಗುಡಿಸುವವಳು ಕೆಳಗಿನ ಮೆಟ್ಟಿಲಿಂದ ಕೇಳಿದಳು. ಆಪರೇಟರ್. ಯಾವ ಆಪರೇಟರ್? ಒಳಗಿರ್ತಾನಲ್ಲಮ್ಮ, ಮೆಷಿನ್ ನೋಡ್ಕೊಳ್ಳೋನು. ಒಳಗೆ ಯಾರೂ ಇರಲ್ಲ, ತಾನೇ ಶುರುವಾಗುತ್ತೆ ತಾನೇ ನಿಲ್ಲುತ್ತೆ. ಹಾಗಾದ್ರೆ ಫೋಕಸ್ ಹೋದ್ರೆ ಯಾರಿಗೆ ಹೇಳೋದು? ಚಿತ್ರ ಚೆನ್ನಾಗೇ ಇದೆಯಲ್ಲ, ಈಗ ತಾನೇ ಬಾಗಿಲು ಸರಿಸಿ ನೋಡಿದೆ, ಕಣ್ಣಿನ ಡಾಕ್ಟರಿಗೆ ತೋರಿಸ್ಕೊಂಡಿದ್ದೀರಾ, ನಮ್ಮತ್ತೆಗೂ ಹೀಗೇ ಪೊರೆ ಬಂದಿತ್ತು. ಮೂವತ್ತೆಂಟು ವರ್ಷ ಮೆಷಿನ್ ನಡೆಸಿದ್ದೀನಮ್ಮಾ ನಾನು, ನನಗೆ ಪೊರೆಯ ಪಾಠ ಹೇಳ್ತೀಯಾ! ಅಯ್ಯೋ ಬೈಬೇಡಿ ಅಜ್ಜಾ, ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ, ಬಂದ್ರೆ ಹೇಳಿ. ಅವಳು ಒಳ್ಳೆಯವಳೇ, ಪೊರಕೆಗೆ ಒರಗಿ ನಿಂತು ಕೇಳಿದಳು, ಮೂವತ್ತೆಂಟು ವರ್ಷಾನಾ, ಆಗೆಲ್ಲ ಹೇಗೆ ನಡೆಸ್ತಿದ್ರಿ? — ಇದೊಂದು ಪ್ರಶ್ನೆ ಯಾರೂ ಕೇಳಿರಲಿಲ್ಲ, ಎಷ್ಟೋ ವರ್ಷದಿಂದ ಯಾರೂ ಕೇಳಿರಲಿಲ್ಲ, ಕಟ್ಟೆ ಒಡೆಯಿತು, ಎರಡು ಕಾರ್ಬನ್ ಕಡ್ಡಿ ಮುಟ್ಟಿಸಿ ದೂರ ಸರಿಸಿದರೆ ಹುಟ್ಟುವ ಬೆಳಕು, ಅದನ್ನು ಬರಿಗಣ್ಣಲ್ಲಿ ನೋಡಬಾರದು, ನೋಡಿದ್ದ, ಎಷ್ಟು ಸಲ ನೋಡಿದ್ದ, ರೀಲು ಹರಿದರೆ ಹಲ್ಲಿನಲ್ಲಿ ಕಚ್ಚಿಕೊಂಡು ಅಂಟಿಸುವುದು, ಮೊದಲ ಚುಕ್ಕೆ, ಏಳು ಎಣಿಸಬೇಕು, ಎರಡನೇ ಚುಕ್ಕೆ, ನನ್ನ ಮಗಳು ಇದ್ದಳಲ್ಲ ಇಷ್ಟುದ್ದ — ಕೆಳಗೆ ಬಾಗಿಲು ತೆರೆದುಕೊಂಡಿತು, ಒಂದೇ ಸಲ, ಮಕ್ಕಳ ಗದ್ದಲ ಮೆಟ್ಟಿಲ ತುಂಬ ಉಕ್ಕಿತು, ಮುಗೀತು ನೋಡಿ ಅಜ್ಜಾ, ನಾನು ಗುಡಿಸ್ಬೇಕು.

ಮುಗಿಯಿತೇ, ಹೇಗೆ ಮುಗಿದೀತು, ಎರಡೇ ನಿಮಿಷ, ಎದುರಿಗೆ ಬರುವ ಮಕ್ಕಳು ಅಪ್ಪಂದಿರು ಬಲೂನುಗಳು, ಸರಿಯಪ್ಪಾ, ಸರಿಯಮ್ಮಾ, ಒಳಗೆ ದೀಪ ಹಾಕಿದ್ದಾರೆ, ಪರದೆಯ ಮೇಲೆ ಬಿಳಿ ಹೆಸರುಗಳು ಮೇಲಕ್ಕೇರುತ್ತಿವೆ, ಪಕ್ಕದ ಸೀಟಿನ ಹೆಂಗಸು ಎದ್ದು ನಿಂತಿದ್ದಾಳೆ, ಏನ್ರೀ ನೀವು, ಎಷ್ಟು ಕರೆದ್ರೂ ಮಗು ಮುಂದಕ್ಕೆ ತಿರುಗ್ಲೇ ಇಲ್ಲ, ಅಂದಳು, ಹೋದಳು. ಮಗು ಸೀಟಿನ ಮೇಲೆ ಮೊಣಕಾಲೂರಿದೆ, ಪರದೆಗೆ ಬೆನ್ನು, ಎರಡೂ ಕೈಯಲ್ಲಿ ಸೀಟಿನ ಬೆನ್ನು ಹಿಡಿದುಕೊಂಡಿದೆ, ಅದರ ಮೇಲೆ ಗದ್ದ, ಗದ್ದದ ಮೇಲೆ ಎರಡು ಕಣ್ಣು, ಕಣ್ಣು ಮೇಲೆ ಕಿಟಕಿಯಲ್ಲಿ. ಅಳುತ್ತಿಲ್ಲ. ಕೈ ಬೀಸ್ಲೇ ಇಲ್ವಲ್ಲ ತಾತಾ, ನಾನು ನೋಡ್ತಾನೇ ಇದ್ದೆ. ಬೀಗ ಹಾಕಿದ್ರು ಕಣೇ. ಓ. ಗುಹೇಲಿ ಏನಿತ್ತು? ಗೊತ್ತಿಲ್ಲ. ಗೊತ್ತಿಲ್ಲ ಅಂದರೆ ಏನರ್ಥ, ಸ್ವಲ್ಪವಾದರೂ, ಹಾಡಾದರೂ ಕೇಳಿಸಿರಬೇಕಲ್ಲ, ಇವಳಿಗೆ ದಾರಿಯಲ್ಲಿ ಹೇಳಿಕೊಟ್ಟುಬಿಡೋಣವೇ, ಚಿಪ್ಪು ಸಿಕ್ತು ಅನ್ನು, ಸಿಕ್ಕೇ ಇರುತ್ತದೆ, ಮಕ್ಕಳ ಸಿನಿಮಾದಲ್ಲಿ ಸಿಗದೆ ಎಲ್ಲಿಗೆ ಹೋಗುತ್ತದೆ, ಆದರೆ ಐದು ವರ್ಷದ ಮಗುವಿಗೆ ಸುಳ್ಳು ಕಲಿಸುವುದೇ, ಇವಳಮ್ಮನಿಗೆ ಮೊಟಕಿ ಮೂಲೆ ನೋಡು ಅಂದದ್ದು ಸಾಲದೇ, ಇದೂ ಒಂದು ಬೇಕೇ — ಗಾಜಿನ ಬಾಗಿಲಾಚೆ ಮಗಳು ಆಗಲೇ ನಿಂತಿದ್ದಾಳೆ, ಕೆಲಸದ ಬಿಳಿ ಕೋಟೂ ಬಿಚ್ಚಿಲ್ಲ, ಸಂಜೆವರೆಗೆ ಕಾಯಲಾರದೆ ಊಟದ ಬಿಡುವಿನಲ್ಲೇ ಓಡಿ ಬಂದಿರಬೇಕು, ನಗುತ್ತಿದ್ದಾಳೆ, ಎಷ್ಟು ದಿನವಾಗಿತ್ತು ಅವಳು ಹಾಗೆ ಕಾದು ನಿಂತು ನಗುವುದನ್ನು ನೋಡಿ, ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಬಿಚ್ಚಿದ ಬೂಟಿನ ದಾರಕ್ಕೆ ಕೈ ಹಾಕಿದಳು, ಹೇಳು ಹೇಳು, ಆಮೆಗೆ ಚಿಪ್ಪು ಸಿಕ್ತಾ? ಗೊತ್ತಿಲ್ಲಮ್ಮ, ನಾನು ಕಿಟಕಿ ನೋಡ್ತಿದ್ದೆ. ದಾರ ಕಟ್ಟುತ್ತಿದ್ದ ಬೆರಳು ನಿಂತವು. ತಲೆ ಎತ್ತಿ ತಾತನನ್ನು ನೋಡಲಿಲ್ಲ, ಬಾಗಿದ ಅವಳ ನೆತ್ತಿ, ಮೊಟಕಿದ ಜಾಗ, ಒಂದೆರಡು ಬಿಳಿಕೂದಲು ಆಗಲೇ, ಮಗಳೇ ಬೀಗ ಹಾಕಿದ್ರು ಕಣೇ ಅನ್ನಬೇಕು, ಪೊರೆ ಬಂದಿರಬಹುದು ಅನ್ನಬೇಕು, ಕಣ್ಣ ಮುಂದೆ ಎಲ್ಲ ಮಸುಕು, ಅದೊಂದು ಬಿಟ್ಟು, ಅದೊಂದೇ ಫೋಕಸ್ಸಿನಲ್ಲಿ ನಿಂತಿದೆ, ಚಪಾತಿ ಮಣೆಯಷ್ಟಗಲ ಕಿಟಕಿ, ಗಾಜಿಗೆ ಒತ್ತಿದ ಪುಟ್ಟ ಮೂಗು, ಎರಡು ಡಬ್ಬದ ಮೇಲೆ ಎರಡು ಪಾದ, ಮಿಟುಕಿಸದ ಎರಡು ಕಣ್ಣು, ಬಲಗಡೆ, ಮೇಲೆ, ಮೂಲೆಯಲ್ಲಿ